ಫಲಿತಾಂಶ: ಲಾಂಚು ಬಂತು

ನಮ್ಮ ಕ್ಲಬ್ಬಿಗೆ ಮೈದಾನ ಕೊಟ್ಟದ್ದು ಸರ್ಕಾರವಲ್ಲ,
ಬೇಸಿಗೆ.
ಹಿನ್ನೀರು ಸಾವಿರದ ಏಳ್ನೂರ ಅರವತ್ತು ಅಡಿಗೆ ಇಳಿದರೆ
ಹಳೇ ಊರಿನ ಕಣ ಮೇಲೆ ಬರುತ್ತದೆ,
ಎರಡು ವಾರ ಬಿಸಿಲು ಕುಡಿದರೆ ಅದೇ ಪಿಚ್ಚು.
ಬೆಂಗಳೂರಿಗೆ ಕರೆಂಟು ಹೆಚ್ಚು ಬೇಕಾದ ವರ್ಷ
ನಮಗೆ ಸೀಸನ್ನು ಉದ್ದ.
ತೊಂಬತ್ತೈದರಲ್ಲಿ ನೀರು ಇಳಿಯಲೇ ಇಲ್ಲ.
ಆ ಪುಟದಲ್ಲಿ ಒಂದೇ ಸಾಲು:
ಮೈದಾನ ರಜೆಯಲ್ಲಿದೆ.

ನಾನು ಧರಣೇಂದ್ರ, ಸ್ಕೋರರ್.
ಹೊಟ್ಟೆಪಾಡಿಗೆ ಲಾಂಚಿನಲ್ಲಿ ಟಿಕೆಟ್ ಹರಿಯುವವನು.
ಮೊದಲ ಏಳು ವರ್ಷದ ಲೆಕ್ಕವೆಲ್ಲ
ಟಿಕೆಟ್ ಪುಸ್ತಕದ ಬೆನ್ನಲ್ಲೇ ಬರೆದದ್ದು.
ಕೆರಿಯಪ್ಪನ ಹ್ಯಾಟ್ರಿಕ್ಕಿನ ಮೂರನೇ ವಿಕೆಟ್ಟು
‘ಆಳು ಎರಡು, ಎಮ್ಮೆ ಒಂದು’ ಎಂಬ ಟಿಕೆಟ್ಟಿನ ಹಿಂದೆ ಕೂತು
ಯಾರದೋ ಜೇಬಲ್ಲಿ ಆಚೆ ದಡಕ್ಕೆ ಹೋಯಿತು.
ಎರಡೇ ಅಂತ ಹೊಸ ಹುಡುಗರ ವಾದ.
ಎರಡಲ್ಲ.

ನಮ್ಮಲ್ಲಿ ಮಿಡ್ ಆನ್ ಇಲ್ಲ, ಫೈನ್ ಲೆಗ್ ಇಲ್ಲ.
ಕ್ಯಾಪ್ಟನ್ ಕೂಗುವ ರೀತಿಯೇ ಬೇರೆ:
‘ಏಯ್, ಶಾಲೆ ಮೆಟ್ಲಿಗೆ ಹೋಗಾ!
ಗಿಡ್ಡಮ್ಮನ ಒರಳು ಖಾಲಿ ಐತೆ, ನೋಡ್ಕಳಾ!
ಪಟೇಲ್ರ ಬಚ್ಲಿಗೆ ಇನ್ನೊಬ್ಬ ಬೇಕು!’
ಎಲ್ಲಿಯ ಶಾಲೆ? ಒಂದು ಚಪ್ಪಡಿ, ಪಕ್ಕದಲ್ಲಿ ಕಪ್ಪು ಬೊಡ್ಡೆ.
ಮನೆಗಳು ಮುಳುಗಿ ಎಷ್ಟೋ ಕಾಲಕ್ಕೆ ಹುಟ್ಟಿದ ಪೋರರು
ಹಿಂದೆ ತಿರುಗಿ ನೋಡದೆ
ಪಟೇಲರ ಬಚ್ಚಲಿಗೆ ಓಡುತ್ತಾರೆ.

ಗಿಡ್ಡಮ್ಮ ಒಂದೇ ಸಲ ಆಟ ನೋಡಲು ಬಂದಳು, ಎಂಬತ್ತೊಂದರಲ್ಲಿ.
ಒರಳಿನ ಬಳಿ ಕ್ಯಾಚು ಬಿಟ್ಟವನಿಗೆ ಚೆನ್ನಾಗಿ ಬೈದಳು:
‘ನನ್ನ ಅಂಗಳದಾಗೆ ಒಂದು ಕಾಳೂ ಕೆಳಗೆ ಬೀಳ್ತಿರ್ಲಿಲ್ಲ.’

ಅತಿ ದೊಡ್ಡ ಸಿಕ್ಸರ್: ಇನಾಸ ಲೋಪಿಸ್, ಎಂಬತ್ತೇಳು.
ಅಳತೆ ಸಿಗಲಿಲ್ಲ. ಚೆಂಡು ತೇಲುತ್ತ ತೇಲುತ್ತ
ಮೂರನೇ ದಿನ ಬಲೆಗೆ ಬಿತ್ತು.
ಬಲೆಯವನು ಚೆಂಡು ಹಿಡಿದುಕೊಂಡೇ ಬಂದ,
ಕ್ಯಾಚು ತನ್ನ ಹೆಸರಿಗೆ ಬರೀಬೇಕು ಅಂದ.
ಅಂಚಿನಲ್ಲಿ ಬರೆದಿದ್ದೇನೆ, ಪೆನ್ಸಿಲ್ಲಿನಲ್ಲಿ.

ಅತಿ ಕಡಿಮೆ ಮೊತ್ತ: ಹನ್ನೊಂದು. ಎಂಟು ವೈಡು ಸೇರಿ.
ನಾವೇ.
ಆ ಹಾಳೆ ಹರಿದುಹಾಕು ಅಂತ ಕ್ಯಾಪ್ಟನ್
ಒಂದು ಹಲಸಿನ ಹಣ್ಣು ಹೊತ್ತು ತಂದ.
ಹಣ್ಣು ತಿಂದೆ. ಹಾಳೆ ಇದೆ.

ಗೆಲುವು, ಸೋಲು, ಡ್ರಾ. ಬೇರೆ ಕ್ಲಬ್ಬಿಗೆ ಇಷ್ಟು ಸಾಕು.
ನಮ್ಮ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಬೇಕಾಯಿತು:
ಲಾಂಚು ಬಂತು.
ಸಾಗರದಿಂದ ಬಂದವರು ಐದೂವರೆಯ ಕೊನೇ ಲಾಂಚಿಗೆ
ಪ್ಯಾಡು ಕಟ್ಟಿಕೊಂಡೇ ಓಡುತ್ತಿದ್ದರು;
ಟಿಕೆಟ್ ಹರಿಯಲು ಅವರ ಹಿಂದೆ ನಾನೂ.
ನಲವತ್ತಾರು ಪಂದ್ಯಗಳು ಹೀಗೆ ಮುಗಿದಿವೆ.
ಮುಗಿದಿವೆ ಅನ್ನಬಹುದೋ ಏನೋ.

ಎರಡು ಸಾವಿರದ ಹನ್ನೊಂದು, ಮೇ, ಕನ್ನಪ್ಪ.
ತೊಂಬತ್ತೇಳು.
ಕ್ಲಬ್ಬಿನಲ್ಲಿ ಇವತ್ತಿನವರೆಗೆ ಯಾರೂ ನೂರು ಹೊಡೆದಿಲ್ಲ.
ಹಾರ್ನು ಕೂಗಿತು.
ಬೌಲರ್ ಅನ್ವರ್ ರನ್ನಪ್ಪಿನ ನಡುವೆ ನಿಂತ,
ದಡ ನೋಡಿದ, ಕನ್ನಪ್ಪನನ್ನು ನೋಡಿದ,
ನಾಳೆ ಅವನ ತಂಗಿಯ ನಿಖಾ,
ಚೆಂಡನ್ನು ಜೇಬಿಗೆ ಹಾಕಿಕೊಂಡು ಓಡಿದ.
ಎರಡು ನಿಮಿಷ ತಡ ಮಾಡು ಅಂತ ಡ್ರೈವರನಿಗೆ
ನಾನು ಹೇಳಬಹುದಿತ್ತು. ಹೇಳಲಿಲ್ಲ.
ಇದು ಯಾವ ಕಾಲಮ್ಮಿನಲ್ಲೂ ಇಲ್ಲ.

ಈಗ ಸೇತುವೆ ಆಗಿದೆ.
ಲಾಂಚು ದಡದಲ್ಲಿ ಮಗುಚಿದ ಒಣ ತಪ್ಪಲೆಯ ಹಾಗೆ.
ಅನ್ವರ್ ಕಳೆದ ವಾರ ಸ್ಕೂಟರಿನಲ್ಲೇ ಬಂದ,
ಹೆಲ್ಮೆಟ್ಟಿನೊಳಗಿಂದ ಆ ಚೆಂಡು ತೆಗೆದ,
‘ಅವತ್ತಿನ ಓವರಿನಲ್ಲಿ ನಾಕು ಬಾಲು ಬಾಕಿ’ ಅಂದ.
ಕನ್ನಪ್ಪನ ಮಂಡಿಗೆ ಪಟ್ಟಿ. ಓಡಲಾರೆ,
ಹೊಡೆದರೆ ಬೌಂಡರಿಯೇ ಅನ್ನುತ್ತಾನೆ.
ರನ್ನರ್ ಕೊಡುವುದಿಲ್ಲ ಅಂತ ಅನ್ವರನ ಹಟ.
ಬೆಳಿಗ್ಗೆಯಿಂದ ಅದೇ ಜಗಳ ನಡೆದಿದೆ.

ನಾನು ನೀರು ನೋಡಿ ಬಂದೆ.
ಕಣ ಇನ್ನೂ ಮೊಣಕಾಲುದ್ದ ಕೆಳಗಿದೆ,
ಗಿಡ್ಡಮ್ಮನ ಒರಳಿನ ಬಾಯಿ ಮಾತ್ರ ಮೇಲೆ ಬಂದಿದೆ,
ಒಳಗೆ ಒಂದು ಬೊಗಸೆ ನೀರು, ಒಂದು ಸಣ್ಣ ಮೀನು.
ಅಲ್ಲಿಗೊಬ್ಬ ಫೀಲ್ಡರ್ ಬೇಕು.
ಪೆನ್ಸಿಲ್ಲು ಚೂಪು ಮಾಡಿ ಇಟ್ಟಿದ್ದೇನೆ.